ಶೇ 5ರ ಲೆಕ್ಕದ ಆಚೆ

ಅಂಕೋಲಾ ತಾಲ್ಲೂಕಿನಲ್ಲಿ, ಗಂಗಾವಳಿ ದಂಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಊರವರ ಬಾಯಲ್ಲಿ ವಿ.ಆರ್.ಡಬ್ಲ್ಯೂ. ಪೋಲಿಯೊ ಆಗಿ ಒಂದು ಕಾಲಿಗೆ ಬಲವಿಲ್ಲ. ಹಿಂದೆ ಎರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಓಡಾಟ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಬಸ್ ಪಾಸು ಅಂತ ಅರ್ಜಿ ತುಂಬುವುದರಲ್ಲೇ ಹೆಚ್ಚಿನ ದಿನ ಕಳೆಯುತ್ತದೆ. ಇಲ್ಲಿ ಹೇಳಹೊರಟಿದ್ದು ಅದಲ್ಲ, ಪಂಚಾಯಿತಿಯ ಕ್ರಿಯಾಯೋಜನೆಯೊಳಗೆ ನಮ್ಮವರ ಕೆಲಸ ಸೇರಿಸಿದ ಕಥೆ.

ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಮನೆ ತೆರಿಗೆ, ನೀರಿನ ಕರ ಎಲ್ಲ ಸೇರಿ 10 ಲಕ್ಷ ವಸೂಲಾಯಿತು ಅಂದುಕೊಳ್ಳಿ, ಕೈಗೆ ಬರುವುದು 50 ಸಾವಿರ. ಮಾರ್ಚ್ ಬಂತೆಂದರೆ ಅದನ್ನು ಖರ್ಚು ಹಾಕುವ ಗಡಿಬಿಡಿ. ಒಬ್ಬರಿಗೆ ವೀಲ್‌ಚೇರ್, ಇನ್ನೊಬ್ಬರಿಗೆ ಊರುಗೋಲು, ಉಳಿದವರಿಗೆ ಚೂರುಪಾರು ಸಹಾಯಧನ, ಕೊನೆಗೊಂದು ಫೋಟೊ. ಮಿಕ್ಕ ದುಡ್ಡಿನಲ್ಲಿ ಆಗುವ ರಸ್ತೆ, ಚರಂಡಿ, ಕಟ್ಟಡಕ್ಕೂ ನಮಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ.

ಅಂಗವಿಕಲರಿಗೆಂದೇ ಸಮನ್ವಯ ಗ್ರಾಮಸಭೆ ನಡೆಯುತ್ತದೆ, ನಿಜ. ಅಲ್ಲಿಗೆ ಬರುವವರು ಯಾರು? ಬರಲು ಆಗುವವರು. ಹಾಗಾಗಿ ನಾನು ಸಭೆಗೆ ಮೊದಲೇ ಟೇಪು, ನೋಟ್‌ಬುಕ್ಕು ಹಿಡಿದು ಮನೆ ಮನೆಗೆ ಹೋಗಲು ಶುರು ಮಾಡಿದೆ. ಹಳ್ಳದ ಆಚೆಯ ಒಂದು ಮನೆಯಲ್ಲಿ ಪಂಚಾಯಿತಿ ಕೊಟ್ಟ ವೀಲ್‌ಚೇರ್ ಮಡಚಿಯೇ ಇತ್ತು, ಮೇಲೆ ಬಟ್ಟೆ ಒಣಗಿಸಿದ್ದರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಮನೆಯಿಂದ ರಸ್ತೆಗೆ ಇರುವುದು ಅಡಿಕೆ ದಬ್ಬೆಯ ಕಾಲುಸಂಕ, ಅಂದರೆ ಕಿರಿದಾದ ಕಾಲುಸೇತುವೆ. ತಾಯಿ ಅವನನ್ನು ಬೆನ್ನ ಮೇಲೆ ಹೊತ್ತೇ ದಾಟಬೇಕು. “ತಮಾ, ಕುರ್ಚಿ ಕೊಟ್ರಿ, ಚೊಲೋ ಆಯ್ತು. ಇದನ್ನ ಆಚೆ ದಾಟ್ಸೂದು ಹೆಂಗೆ?” ಅಂದರು.

ಆ ಮನೆಗೆ ಬೇಕಾಗಿದ್ದು ಕಾಂಕ್ರೀಟಿನ ಸಂಕ. ನಾಲ್ಕಡಿ ಅಗಲ, ಎರಡೂ ಬದಿ ಕೈಹಿಡಿ. ಶೇ 5ರಲ್ಲಿ ಅದು ಆಗದ ಮಾತು. ಆದರೆ ಆ ಸಂಕದ ಮೇಲೆ ಶಾಲೆ ಮಕ್ಕಳೂ ಹೋಗುತ್ತಾರೆ, ಹಾಲಿನ ಕ್ಯಾನೂ ಹೋಗುತ್ತದೆ. ಅಂದ ಮೇಲೆ ಅದು ರಸ್ತೆ ಕಾಮಗಾರಿ ತಾನೇ? ಅಲ್ಲಿಂದ ಮುಂದೆ ಪ್ರತಿ ಬೇಡಿಕೆಯ ಎದುರು ಇದು ಯಾವ ಲೆಕ್ಕಶೀರ್ಷಿಕೆಗೆ ಸೇರಬೇಕು ಅಂತ ನಾನೇ ಬರೆಯತೊಡಗಿದೆ. 15ನೇ ಹಣಕಾಸು ಆಯೋಗದ (2021–26) ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು, ಉಳಿದ ಶೇ 40 ಊರಿನ ಬೇರೆ ಅಗತ್ಯಕ್ಕೆ. ಶಾಲೆಯ ಶೌಚಾಲಯ ಮೊದಲನೆಯದರಲ್ಲಿ, ಸಂಕ ಮತ್ತು ರ‍್ಯಾಂಪು ಎರಡನೆಯದರಲ್ಲಿ. ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪಟ್ಟಿ ನೋಡಿ, “ಇದನ್ನ ಹೀಗೆ ಕೊಟ್ರೆ ನಂಗೂ ಸುಲಭ” ಅಂದರು.

ರ‍್ಯಾಂಪಿನದು ಬೇರೆಯೇ ಪಾಡು. ಕರಾವಳಿಯ ಮಳೆಗೆ ಹೆದರಿ ನಾವು ಕಟ್ಟಡದ ಪಂಚಾಂಗವನ್ನು ಎತ್ತರ ಕಟ್ಟುತ್ತೇವೆ. ಕಚೇರಿಯ ಜಗಲಿ ನೆಲದಿಂದ ಮೂರಡಿ ಮೇಲೆ. ಮೊದಲೇ ಒಂದು ರ‍್ಯಾಂಪು ಇತ್ತು, ಉದ್ದ ಹತ್ತಡಿ! ಮಳೆಗಾಲದಲ್ಲಿ ಬೈಕು ಹತ್ತಿಸಿ ಜಗಲಿಯಲ್ಲಿ ನಿಲ್ಲಿಸಲು ಭಾರಿ ಅನುಕೂಲ. ವೀಲ್‌ಚೇರ್ ಮಾತ್ರ ಹಿಂದಕ್ಕೆ ಮಗುಚುವುದು. ನಿಯಮ ಸರಳ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಮೂರಡಿಗೆ 36 ಅಡಿ. “ಅಷ್ಟು ಜಾಗ ಎಲ್ಲಿದೆ ಮಾರಾಯ್ರೆ?” ಅಂತ ಎಂಜಿನಿಯರ್ ತಲೆಯಾಡಿಸಿದರು. ಪಕ್ಕದಲ್ಲೇ ಇದ್ದ ಮೇಸ್ತ್ರಿ ಹಳೇ ರ‍್ಯಾಂಪು ನೋಡಿ, “ಸರ್, ಇದ್ರ ಮೇಲೆ ಸಿಮೆಂಟ್ ಗಾಡಿನೇ ಏರೂದಿಲ್ಲ” ಅಂದ. ಗಾಡಿ ದೂಡಿದವನ ಮಾತು ನೋಡಿ, ಅಲ್ಲಿಗೆ ವಾದ ನಿಂತಿತು. ಲೆವಲ್ ಪೈಪ್ ಹಿಡಿದು ಅಳೆದೆವು. ಗೋಡೆಗುಂಟ ಹದಿನೆಂಟಡಿ ಹೋಗಿ, ಐದಡಿ ಚೌಕದ ಸಮತಟ್ಟು ಜಾಗ ಬಿಟ್ಟು, ತಿರುಗಿ ಮತ್ತೆ ಹದಿನೆಂಟಡಿ. ಅಂಗಳದಲ್ಲೇ ಹಿಡಿಯಿತು.

ಅಂದಾಜುಪಟ್ಟಿಯಲ್ಲಿ ಟೈಲ್ಸ್ ಬರೆದಿದ್ದರು. ಜೂನ್ ಕಳೆಯುವುದರೊಳಗೆ ಪಾಚಿ ಹಿಡಿಯುವ ಊರಲ್ಲಿ ಟೈಲ್ಸ್! ಅದನ್ನು ತೆಗೆಸಿದೆ. ಸಿಮೆಂಟು ಪೂರ್ತಿ ಗಟ್ಟಿಯಾಗುವ ಮೊದಲು ತೆಂಗಿನ ಕಡ್ಡಿಯ ಪೊರಕೆಯಲ್ಲಿ ಅಡ್ಡಡ್ಡ ಗೀರು ಎಳೆಸಿದೆವು. ಮೇಸ್ತ್ರಿಗೆ ಅಷ್ಟು ಇಷ್ಟವಿರಲಿಲ್ಲ, ಕೆಲಸ ನೈಸಾಗಿ ಕಾಣಲ್ಲ ಅಂತ. ಕೈಹಿಡಿ ಎರಡು ಸಾಲು, 90 ಸೆಂ.ಮೀ. ಮತ್ತು 76 ಸೆಂ.ಮೀ. ಎತ್ತರದಲ್ಲಿ. ಕೆಳಗಿನದು ಕೂತವರಿಗೆ, ಮಕ್ಕಳಿಗೆ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ತಿನ್ನುತ್ತದೆ, ಅದಕ್ಕೆ ಸ್ಟೀಲೇ ಬೇಕೆಂದು ಹಟ ಹಿಡಿದೆ. ಅಂಚಿಗೊಂದು ಸಣ್ಣ ಕಟ್ಟೆ, ಚಕ್ರ ಜಾರದಿರಲಿ ಅಂತ.

ಕಾನೂನಿನ ಮಾತೂ ತಕ್ಕ ಹೊತ್ತಿಗೆ ಆಡಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಅಂದರೆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇಂಥ ಅಳತೆಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಭೆಯಲ್ಲಿ ಇಷ್ಟು ಹೇಳಿದರೆ ಸಾಕು, ಜಾಸ್ತಿ ಹೇಳಿದರೆ ಸದಸ್ಯರಿಗೆ ಬೇಸರ.

ಮಳೆಗಾಲದ ಪಟ್ಟಿ ಮಾತ್ರ ದುಡ್ಡಿಲ್ಲದೇ ಆದ ಕೆಲಸ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದ್ದು ನೆನಪಿದೆಯಲ್ವಾ? ವಿಪತ್ತಿನ ಹೊತ್ತಿಗೆ ಬೇಕಾಗುವ ಅಂಗವಿಕಲರ ವಿವರ ಜಿಲ್ಲಾ ಪ್ರಾಧಿಕಾರದ ಬಳಿ ಇರಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ. ಬರೀ ಹೆಸರು, ಶೇಕಡಾವಾರು ಇದ್ದರೆ ದೋಣಿಯವನಿಗೆ ಏನು ಪ್ರಯೋಜನ? ನಾವು ಹೀಗೆ ಬರೆದೆವು: ಈ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳದು, ಆಟೊ ಮೈಕಿನ ಘೋಷಣೆ ಮುಟ್ಟದು, ಪಕ್ಕದ ಮನೆಯವರು ಹೋಗಿ ಎಬ್ಬಿಸಬೇಕು. ಆ ಮನೆಯ ಅಜ್ಜಿಗೆ ಕಣ್ಣು ಕಾಣದು, ಮಗಳು ಜೊತೆಗಿದ್ದರೆ ಮಾತ್ರ ದೋಣಿ ಹತ್ತುತ್ತಾರೆ. ಮತ್ತೊಂದು ಮನೆಯಲ್ಲಿ ಫಿಟ್ಸ್ ಮಾತ್ರೆ ಎಲ್ಲಿಟ್ಟಿದ್ದಾರೆ ಅಂತ. ಒಂದು ಪ್ರತಿ ಪಿಡಿಒಗೆ, ಒಂದು ಗ್ರಾಮ ಆಡಳಿತಾಧಿಕಾರಿಗೆ, ಒಂದು ದೋಣಿ ಇರುವವರಿಗೆ. ಮನೆಯವರನ್ನು ಕೇಳಿಯೇ ಕೊಟ್ಟಿದ್ದು. ಪ್ರತಿ ಮೇ ತಿಂಗಳು ತಿದ್ದುತ್ತೇವೆ.

ಪಟ್ಟಿ ಮಾಡುವಾಗಲೇ, ನೆರೆ ಬಂದಾಗ ಜನರನ್ನು ಇರಿಸುವ ಕಾಳಜಿ ಕೇಂದ್ರ ಆಗುವ ಶಾಲೆಯನ್ನೂ ನೋಡಿ ಬಂದೆ. ಚುನಾವಣೆಗೆಂದು ಕಟ್ಟಿದ ರ‍್ಯಾಂಪು ಚೆನ್ನಾಗಿಯೇ ಇದೆ. ಶೌಚಾಲಯದ ಬಾಗಿಲು ಎರಡಡಿ ಅಗಲ, ಒಳಗಡೆಗೇ ತೆರೆಯುತ್ತದೆ. ಮತ ಹಾಕಿ ಹೋಗುವವರಿಗೆ ನಡೆಯುತ್ತದೆ, ಎರಡು ರಾತ್ರಿ ಉಳಿಯುವವರು ಏನು ಮಾಡಬೇಕು? ಮೂರಡಿ ಬಾಗಿಲು, ಹೊರಗೆ ತೆರೆಯುವಂಥದ್ದು, ಗೋಡೆಗೊಂದು ಹಿಡಿಕೆ ಅಂತ ನೈರ್ಮಲ್ಯದ ಲೆಕ್ಕದಲ್ಲಿ ಸೇರಿಸಿದ್ದೇವೆ. ಹಳ್ಳದ ಸಂಕದ ಅಳತೆಯೂ ಆಗಿದೆ.

ಬೇರೆ ಪಂಚಾಯಿತಿಯ ಗೆಳೆಯರು ಕೇಳುತ್ತಿರುತ್ತಾರೆ, ಬೇಡಿಕೆ ಹಿಡಿದು ಯಾವಾಗ ಹೋಗಬೇಕು ಅಂತ. ವಾರ್ಡ್ ಸಭೆಗೇ ಹೋಗಿ, ಅಳತೆ ಸಮೇತ. ಮುಂದಿನ ವರ್ಷದ ಯೋಜನೆಯ ಗ್ರಾಮಸಭೆಗಳು ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತವೆ. ಅಂದಾಜುಪಟ್ಟಿ ಆದಮೇಲೆ ಹೋದರೆ “ಬರೋ ವರ್ಷ ನೋಡುವಾ” ಅಂತಾರೆ.