ಗೇರ್‌ಬಾಕ್ಸ್ ಸೋರಿಕೆ ನಿಂತದ್ದು ಹೀಗೆ

ನನ್ನ ಹಳೆಯ ಕಾರಿನ ಗೇರ್‌ಬಾಕ್ಸ್ ಜೋಡಣೆಯಿಂದ ಎರಡನೇ ಸಲ ಎಣ್ಣೆ ಜಿನುಗಿತು. ಬಿಚ್ಚಿದರೆ, ಸೋರದಿರಲೆಂದು ಹಿಂದೆ ಬಳಿದಿದ್ದ ಸಿಲಿಕೋನ್ ಅಂಟು ಒಳಅಂಚಿನಲ್ಲಿ ಎರೆಹುಳುವಿನಂತೆ ಜೋತುಬಿದ್ದಿತ್ತು. ಒಂದು ತುಂಡು ಕಳಚಿ, ಎಣ್ಣೆ ಬಸಿಯುವ ಡ್ರೈನ್ ಬೋಲ್ಟಿಗೆ ಅಂಟಿದ್ದ ಕಬ್ಬಿಣದ ಪುಡಿಯಲ್ಲಿ ಸಿಕ್ಕಿಕೊಂಡಿತ್ತು. ಅದು ಎಣ್ಣೆಯ ದಾರಿಗೆ ಅಡ್ಡ ಬಿದ್ದಿದ್ದರೆ? ಎದೆ ಝಲ್ಲೆಂದಿತು.

ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ತಗಡಿನ ಮುಚ್ಚಳಕ್ಕೆ ಸರಿ. ನುಣುಪಾದ ಎರಡು ಅಲ್ಯೂಮಿನಿಯಂ ಮುಖಗಳ ನಡುವೆ ನನಗೆ ಬೇಕಿದ್ದದ್ದು ಅನೇರೋಬಿಕ್ ಸೀಲೆಂಟ್. ಗಾಳಿ ಸಿಗದ, ಲೋಹ ತಾಗುವ ಕಡೆ ಮಾತ್ರ ಅದು ಗಟ್ಟಿಯಾಗುತ್ತದೆ. ಒಳಗೆ ಹಿಂಡಿಬಂದದ್ದು ದ್ರವವಾಗಿಯೇ ಉಳಿಯುತ್ತದೆ.

ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು (ಬ್ಲೇಡು ಬೇಡವೇ ಬೇಡ, ಗೀರು ಬಿದ್ದರೆ ಅಲ್ಲೇ ಸೋರುತ್ತದೆ), ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಬೋಲ್ಟಿನ ರಂಧ್ರಗಳನ್ನು ಸುತ್ತುವರಿಯುವಂತೆ ಅನೇರೋಬಿಕ್ ಸೀಲೆಂಟಿನ ತೆಳುವಾದ ಎಳೆ ಎಳೆದೆ. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ (ಅಳತೆಗೆ ತಕ್ಕಷ್ಟೇ ಬಿಗಿಯುವ ಸ್ಪ್ಯಾನರ್) ಬಿಗಿದು, 24 ಗಂಟೆ ಬಿಟ್ಟು ಎಣ್ಣೆ ತುಂಬಿದೆ. ಆರು ತಿಂಗಳಾಯಿತು, ಕಾರಿನಡಿ ಹಾಸಿದ ರಟ್ಟಿನಲ್ಲಿ ಒಂದು ಕಲೆಯೂ ಇಲ್ಲ.