ಉತ್ತರ ಬೇಡ, ಸಾಕೋ ಸಾಲದೋ ಹೇಳಿ

ಡೇಟಾ ಸಫಿಶಿಯೆನ್ಸಿ ಎಂದರೆ ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ. ಉತ್ತರ ಕಂಡುಹಿಡಿಯಲು ಆ ಹೇಳಿಕೆಗಳು ಸಾಕೋ ಸಾಲವೋ ಎಂದಷ್ಟೇ ಹೇಳಬೇಕು. ಧಾರವಾಡದ ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಡೇಟಾ ಸಫಿಶಿಯೆನ್ಸಿಗೆ ಬಂದಾಗ ಎಡವುವುದು ಹೆಚ್ಚಾಗಿ ಗಣಿತಕ್ಕಲ್ಲ, ಆಯ್ಕೆಗಳ ಇಂಗ್ಲಿಷಿಗೆ. 'ಅಲೋನ್', 'ಐದರ್', 'ಟುಗೆದರ್' ಮೂರೂ ಅವಸರದಲ್ಲಿ ಒಂದರಂತೆ ಇನ್ನೊಂದು ಕಾಣುತ್ತವೆ. ಅದಕ್ಕೆ ನಾನು ಲೆಕ್ಕ ಮುಟ್ಟುವ ಮೊದಲೇ ರಫ್ ಹಾಳೆಯ ಮೇಲ್ಗಡೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ: ಒಂದೇ ಸಾಕು, ಯಾವುದಾದರೂ ಸಾಕು, ಎರಡೂ ಬೇಕು, ಎರಡೂ ಸೇರಿದರೂ ಸಾಲದು.

ಆಯ್ಕೆಗಳ ಅಕ್ಷರಗಳನ್ನು ಬಾಯಿಪಾಠ ಮಾಡಬಾರದು. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ನಲ್ಲಿ ಐದು ಆಯ್ಕೆಗಳ ಕ್ರಮ ಸ್ಥಿರ: ಎ ಮೊದಲನೆಯದೊಂದೇ, ಬಿ ಎರಡನೆಯದೊಂದೇ, ಸಿ ಎರಡೂ ಸೇರಿ, ಡಿ ಯಾವುದಾದರೂ, ಇ ಸಾಲದು. ಬ್ಯಾಂಕ್ ಪರೀಕ್ಷೆಯಲ್ಲಿ ಇವೇ ಐದು ಮಾತು ಬೇರೆ ಕ್ರಮದಲ್ಲಿ ಬರುತ್ತವೆ. ಯುಪಿಎಸ್‌ಸಿ ನಾಗರಿಕ ಸೇವಾ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ ನಾಲ್ಕೇ. 'ಒಂದು ಸಾಕು, ಇನ್ನೊಂದು ಸಾಲದು' ಎನ್ನುವುದಕ್ಕೆ ಅಲ್ಲಿ ಎಷ್ಟೋ ಸಲ ಒಂದೇ ಆಯ್ಕೆ, ಆಗ ಯಾವ ಹೇಳಿಕೆ ಎಂದು ಕೇಳುವುದಿಲ್ಲ. 80 ಪ್ರಶ್ನೆಗೆ 120 ನಿಮಿಷ, ತಪ್ಪಿದರೆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಹಾಗಾಗಿ ಕೊನೆಯವರೆಗೆ ಲೆಕ್ಕ ಬಿಡಿಸುತ್ತ ಕೂಡ್ರುವ ಚಟ ಬಿಡಲೇಬೇಕು.

ಹೇಳಿಕೆ ನೋಡುವ ಮೊದಲು ಪ್ರಶ್ನೆಗೆ ಏನು ಬೇಕು ಎಂದು ಬರೆಯುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಗೆ ಶೇಕಡಾ ಎಷ್ಟು ಲಾಭ ಎಂದು ಕೇಳಿದರೆ ನನಗೆ ಬೇಕಾದದ್ದು ಅನುಪಾತ, ರೂಪಾಯಿ ಅಲ್ಲ. 'ಮಾರಿದ ಬೆಲೆ ಕೊಂಡ ಬೆಲೆಗಿಂತ ಕಾಲುಪಾಲು ಹೆಚ್ಚು' ಎಂದರೆ ಸಾಕು. '2,000 ರೂಪಾಯಿ ಲಾಭವಾಯಿತು' ಎಂದರೆ ಸಾಲದು. ಸಂಖ್ಯೆ ಇದ್ದದ್ದೇ ಗಟ್ಟಿ ಮಾಹಿತಿ ಎಂದು ಕಣ್ಣು ನಂಬುತ್ತದೆ, ಅಲ್ಲೇ ಮೋಸ.

ಮೊದಲ ಹೇಳಿಕೆ ಓದುವಾಗ ಎರಡನೆಯದನ್ನು ಹಾಳೆಯಿಂದ ಮುಚ್ಚುತ್ತೇನೆ. ಕಂಪ್ಯೂಟರ್ ಪರೀಕ್ಷೆಯಾದರೆ ಅಂಗೈ. ಎರಡನೆಯದಕ್ಕೆ ಬಂದಾಗ ಮೊದಲನೆಯದರ ಮಾಹಿತಿ ತಲೆಯಲ್ಲಿ ಉಳಿದಿರುತ್ತದೆ. ಅದನ್ನು ಗೊತ್ತಿಲ್ಲದೆ ಬಳಸಿಬಿಟ್ಟರೆ ಸಾಲದ್ದು ಸಾಕೆಂದು ಕಾಣುತ್ತದೆ. ಜಿಮ್ಯಾಟ್ ಕ್ರಮದಲ್ಲಿ ಮೊದಲನೆಯದು ಸಾಕಾದರೆ ಎ, ಡಿ ಮಾತ್ರ ಉಳಿಯುತ್ತವೆ. ಸಾಲದಿದ್ದರೆ ಬಿ, ಸಿ, ಇ. ಎರಡನೆಯದು ಸುಲಭವಾಗಿ ಕಂಡರೆ ಅದರಿಂದಲೇ ಶುರು ಮಾಡಿದರೂ ಅಡ್ಡಿಯಿಲ್ಲ.

ಅತಿ ಹೆಚ್ಚು ಅಂಕ ನುಂಗುವುದು 'ಎರಡೂ ಬೇಕು' ಎಂಬ ಆಯ್ಕೆ. ಹುಬ್ಬಳ್ಳಿಯಿಂದ ಗದಗಿಗೆ ಒಂದೇ ದಾರಿಯಲ್ಲಿ ಹೋಗಿ ಬಂದ ಗಾಡಿಯ ಸರಾಸರಿ ವೇಗ ಎಷ್ಟು? ಒಂದು: ಹೋಗುವಾಗ ಗಂಟೆಗೆ 40 ಕಿ.ಮೀ., ಬರುವಾಗ 60. ಎರಡು: ಅಂತರ 60 ಕಿ.ಮೀ. ಎಂದು ಇಟ್ಟುಕೊಳ್ಳಿ. ಅಂತರ ಕೈಗೆ ಸಿಕ್ಕ ಕೂಡಲೇ ಭಾಗಿಸುವ ಆಸೆ ಹುಟ್ಟುತ್ತದೆ. ಆದರೆ ಹೋದ ದೂರ, ಬಂದ ದೂರ ಒಂದೇ ಆದಾಗ ಸರಾಸರಿ 48. ಅಂತರ ತಾನೇ ಹಾರಿಹೋಗುತ್ತದೆ. ಮೊದಲನೆಯದೊಂದೇ ಸಾಕು. ಎರಡೂ ಸೇರಿದರೆ ಉತ್ತರ ಎದ್ದು ಕಾಣುವಂತಿದ್ದರೆ ನಾನು ಒಂದೊಂದನ್ನೂ ಇನ್ನೊಮ್ಮೆ ತಿರುವಿ ನೋಡುತ್ತೇನೆ.

'ಎರಡು ಅಜ್ಞಾತಕ್ಕೆ ಎರಡು ಸಮೀಕರಣ' ಎಂಬ ಶಾಲೆಯ ಸೂತ್ರವೂ ಎರಡು ಕಡೆ ಕೈಕೊಡುತ್ತದೆ. 2x + 3y = 12, 4x + 6y = 24 ನೋಡಲು ಎರಡು, ನಿಜಕ್ಕೂ ಒಂದೇ. ಇದರ ತಿರುವುಮುರುವು, ಅಂದರೆ ಒಂದೇ ಸಮೀಕರಣ ಸಾಕಾಗುವುದು, ಇನ್ನೂ ಸೂಕ್ಷ್ಮ. ಮಿರ್ಚಿ ಪ್ಲೇಟಿಗೆ 15 ರೂಪಾಯಿ, ಗಿರ್ಮಿಟ್ ಪ್ಲೇಟಿಗೆ 22, ಒಟ್ಟು ಬಿಲ್ 141, ಯಾವುದು ಎಷ್ಟು ಪ್ಲೇಟು? ಸಮೀಕರಣ ಒಂದೇ, ಆದರೆ ಪ್ಲೇಟು ಪೂರ್ಣ ಸಂಖ್ಯೆಯಾಗಲೇಬೇಕು. 141ರಿಂದ 22ರ ಮಗ್ಗಿ ಕಳೆಯುತ್ತ ಹೋಗಿ: 119, 97, 75. 75 ಬಂದಾಗ 15ರಿಂದ ಭಾಗವಾಗುತ್ತದೆ, ಮುಂದೆ 53, 31, 9 ಯಾವುದೂ ಆಗುವುದಿಲ್ಲ. ಐದು ಮಿರ್ಚಿ, ಮೂರು ಗಿರ್ಮಿಟ್, ಬೇರೆ ದಾರಿಯೇ ಇಲ್ಲ, ಸಾಕು. ಅದೇ ಗಿರ್ಮಿಟ್ 25 ರೂಪಾಯಿ, ಬಿಲ್ 200 ಆಗಿದ್ದರೆ? ಹತ್ತು ಮಿರ್ಚಿ ಎರಡು ಗಿರ್ಮಿಟ್ ಆದರೂ ಆಯಿತು, ಐದು ಐದು ಆದರೂ ಆಯಿತು. ಸಾಲದು. ಜನ, ಪ್ಲೇಟು, ಟಿಕೆಟ್ ಬಂದಲ್ಲೆಲ್ಲ ಈ ಮಗ್ಗಿ ಪರೀಕ್ಷೆ ಬಿಡಬೇಡಿ.

ಹೌದು–ಅಲ್ಲ ಪ್ರಶ್ನೆಯಲ್ಲಿ ಖಚಿತವಾದ 'ಅಲ್ಲ' ಕೂಡ ಸಾಕು. x > 10 ಆಗಿದೆಯೇ ಎಂದು ಕೇಳಿ x² = 49 ಕೊಟ್ಟರೆ, x 7 ಇರಲಿ, −7 ಇರಲಿ, ಉತ್ತರ ಅಲ್ಲವೇ. ಅದೇ ಹೇಳಿಕೆಗೆ 'x ಎಷ್ಟು' ಎಂದು ಕೇಳಿದರೆ ಸಾಲದು. x ಜಾಗದಲ್ಲಿ ಸಂಖ್ಯೆ ಹಾಕಿ ನೋಡುವಾಗ ನನ್ನ ಗುರಿ ಎರಡು ಬೇರೆ ಉತ್ತರ ಹುಟ್ಟಿಸುವುದು. x > 0 ಎಂದು ಕೊಟ್ಟು x² > x ಆಗಿದೆಯೇ ಎಂದರೆ 2ಕ್ಕೆ ಹೌದು, ½ಕ್ಕೆ ಅಲ್ಲ, ಅಲ್ಲಿಗೆ ಮುಗಿಯಿತು, ಸಾಲದು. ಬರೀ 2, 3, 5 ಹಾಕುವವರಿಗೆ ಎಲ್ಲವೂ ಸಾಕೆಂದೇ ಕಾಣುತ್ತದೆ. 0, 1, ಭಿನ್ನರಾಶಿ, ಋಣಸಂಖ್ಯೆ ಇವನ್ನು ಮೊದಲು ಹಾಕಬೇಕು.

ಒಂದು ಹೇಳಿಕೆಯಿಂದ 5, ಇನ್ನೊಂದರಿಂದ 7 ಬಂತು ಎನ್ನಿ. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ತಪ್ಪು ನನ್ನ ಹಾಳೆಯಲ್ಲಿದೆ ಎಂದು ಅಲ್ಲೇ ನಿಂತು, ಮೊದಲು ಕೂಡು–ಕಳೆ ಚಿಹ್ನೆ ನೋಡುತ್ತೇನೆ.