ಎರಡು ಎಚ್‌ಪಿ ಇಳಿಸಿ ಒಂದು ಎಚ್‌ಪಿ ಕೂರಿಸಿದ ಲೆಕ್ಕ

"ಎರಡು ಎಚ್‌ಪಿ ಪಂಪಿಗೇ ನೆಟ್ಟಗೆ ಏರದ ನೀರು ಒಂದು ಎಚ್‌ಪಿಗೆ ಏರುತ್ತೇನ್ರೀ?" ಮಾಲೀಕರು ಕೇಳಿದರು, ಪಂಪಿನ ಅಂಗಡಿಯವರು ಕೇಳಿದರು, ನನ್ನ ಜೊತೆ ಪೈಪು ಹಿಡಿಯುವ ಹುಡುಗನೂ ಕೇಳಿದ. ಎಂಟು ಮನೆಯ ಕಟ್ಟಡಕ್ಕೆ ನೀರು ಏರಿಸಲು 1 ಎಚ್‌ಪಿ ಪಂಪು ಕೂರಿಸಿ ಹದಿನಾಲ್ಕು ತಿಂಗಳಾಯಿತು. ಎಚ್‌ಪಿ ಅರ್ಧಕ್ಕಿಳಿದಿದೆ, ಟ್ಯಾಂಕು ಮೊದಲಿನ ಅರ್ಧ ಹೊತ್ತಿನಲ್ಲಿ ತುಂಬುತ್ತಿದೆ, ಮೋಟರಿನ ಕಾಯಿಲ್ ಒಮ್ಮೆಯೂ ಸುಟ್ಟಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ನಾಲ್ಕಾರು ಹೆಚ್ಚುಕಮ್ಮಿ ಇರಬಹುದು.

ಬೆಂಗಳೂರಿನ ಪಶ್ಚಿಮಕ್ಕಿರುವ ಕಟ್ಟಡ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು, ಎಂಟು ಮನೆ. 12,000 ಲೀಟರಿನ ಸಂಪು, ಮೇಲೆ 2,000 ಲೀಟರಿನ ಎರಡು ಟ್ಯಾಂಕು. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ ಸುಮಾರು 21 ಮೀಟರ್ ಎತ್ತರ. ಅದರಲ್ಲಿ ಎರಡೂವರೆ ಮೀಟರ್ ಪಂಪಿನ ಕೆಳಗೆ, ಮಿಕ್ಕಿದ್ದು ಮೇಲೆ. ಪಂಪಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಲೈನು 1 ಇಂಚಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ), ಉದ್ದ 36 ಮೀಟರ್, ತಿರುವಿನ ಎಲ್ಬೋ ಒಂಬತ್ತು. ಸಂಪಿಗೆ ಕಾವೇರಿ ನೀರೂ ಬೋರ್‌ವೆಲ್ ನೀರೂ ಸೇರಿಯೇ ಬೀಳುತ್ತವೆ.

ನಾನು ಹೋಗುವ ಮೊದಲು ಅಲ್ಲಿ ಮೂರು ಪಂಪು ಬದಲಾಗಿದ್ದವು. ಮೊದಲು 1 ಎಚ್‌ಪಿ ಸೆಲ್ಫ್ ಪ್ರೈಮಿಂಗ್ (ತಾನೇ ಗಾಳಿ ಹೊರಹಾಕಿ ನೀರೆಳೆಯುವ ಬಗೆ). ನೀರು ಸಾಲದೆ 1.5 ಎಚ್‌ಪಿ ಸೆಲ್ಫ್ ಪ್ರೈಮಿಂಗ್ ಹಾಕಿದರು, ಅದರ ಕಾಯಿಲ್ ಎರಡು ಸಲ ಸುಟ್ಟಿತು, ಪ್ರತಿ ಸಲವೂ ರಿವೈಂಡಿಂಗಿಗೆ ಮೂರು ಸಾವಿರದ ಹತ್ತಿರ. ಆಮೇಲೆ 2 ಎಚ್‌ಪಿ ಸೆಂಟ್ರಿಫ್ಯೂಗಲ್ (ಮೊದಲು ನೀರು ತುಂಬಿ ಓಡಿಸಬೇಕಾದ ಬಗೆ), 17 ಸಾವಿರವೋ ಏನೋ. ಅದು ಸುಡಲಿಲ್ಲ, ಆದರೆ ನಿಮಿಷಕ್ಕೆ 36 ಲೀಟರ್ ಮಾತ್ರ ಏರಿಸುತ್ತಿತ್ತು. ಟ್ಯಾಂಕು ತುಂಬಲು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಸಂಪು ಬರಿದಾಗಿ ಪಂಪು ಒಣಗಿ ಓಡಿ ಮೆಕ್ಯಾನಿಕಲ್ ಸೀಲು ಹೋಗುತ್ತಿತ್ತು, ವರ್ಷಕ್ಕೆ ಎರಡು ಸಲ.

ನಾನು ಮೊದಲು ಹಾಕಿದ್ದು ನಾನೂರು ರೂಪಾಯಿಯ ಒಂದು ಪ್ರೆಶರ್ ಗೇಜು. ಹಾಕುವ ಜಾಗ ಮುಖ್ಯ: ಪಂಪಿನ ಬಾಯಿಯಲ್ಲಲ್ಲ, ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವು) ದಾಟಿದ ಮೇಲೆ, ಟೀ ಜಾಯಿಂಟು ಹಾಕಿ. ಪಂಪು ಓಡುವಾಗ ಗೇಜಿನ ಮುಳ್ಳು 4.4 ಕೇಜಿ (ಚದರ ಸೆಂಟಿಮೀಟರಿಗೆ) ತೋರಿಸಿತು. ನಿಲ್ಲಿಸಿದ ಮೇಲೆ 1.9ಕ್ಕೆ ಇಳಿದು ನಿಂತಿತು. ನಿಂತ ಅಂಕಿ ಎತ್ತರದ ತೂಕ: ಒಂದು ಕೇಜಿಗೆ 10 ಮೀಟರ್, ಪಂಪಿನ ಮೇಲೆ ಹದಿನೆಂಟೂವರೆ ಮೀಟರ್, ಲೆಕ್ಕ ಸರಿ. ಓಡುವಾಗ ಹೆಚ್ಚಾಗಿದ್ದ ಎರಡೂವರೆ ಕೇಜಿ ಪೈಪು ತಿಂದದ್ದು. ಅಂದರೆ ನೀರು ಏರುವ ಎತ್ತರ 21 ಮೀಟರ್, ಪೈಪಿನ ಘರ್ಷಣೆಗೆ ಹೋಗುತ್ತಿದ್ದದ್ದು ಇನ್ನೂ 25 ಮೀಟರ್. ಇಂಥ ಪೈಪಿಗೆ 3 ಎಚ್‌ಪಿ ಹಾಕಿದರೂ ಗೇಜು ಏರುತ್ತದೆ, ಟ್ಯಾಂಕು ಬೇಗ ತುಂಬುವುದಿಲ್ಲ. ಪಂಪು ನಿಂತ ಮೇಲೆ ಮುಳ್ಳು 1.9ರಲ್ಲಿ ನಿಲ್ಲದೆ ಇಳಿಯುತ್ತಾ ಹೋದರೆ ಎನ್‌ಆರ್‌ವಿ ಹಿಡಿಯುತ್ತಿಲ್ಲ ಎಂದರ್ಥ. ಅದೂ ಇದೇ ಗೇಜಿನಲ್ಲೇ ಗೊತ್ತಾಗುತ್ತದೆ.

ಪೈಪು ಕತ್ತರಿಸಿ ನೋಡಿದರೆ ಒಳಗೆಲ್ಲ ಸುಣ್ಣದ ಪದರ. ಎಲ್ಬೋಗಳಲ್ಲಿ ಕಿರುಬೆರಳು ಬಿಗಿಯಾಗಿ ತೂರುವಷ್ಟೇ ದಾರಿ ಉಳಿದಿತ್ತು. ಒಳ ವ್ಯಾಸ ಅರ್ಧವಾದರೆ ಅಷ್ಟೇ ನೀರಿಗೆ ಘರ್ಷಣೆ ಸುಮಾರು 30 ಪಟ್ಟಾಗುತ್ತದೆ.

ಇಲ್ಲಿ ನನ್ನ ಮೊದಲ ತಪ್ಪು. ಲೈನು ಬದಲಿಸುವ ಖರ್ಚು ಉಳಿಸೋಣವೆಂದು ನೀರು ಬೆರೆಸಿದ ಮ್ಯೂರಿಯಾಟಿಕ್ ಆಸಿಡ್ಡನ್ನು ಡ್ರಮ್ಮಿನಿಂದ ಸಣ್ಣ ಪಂಪಿನಲ್ಲಿ ಸುತ್ತಿಸಿದೆ. ಸುಣ್ಣ ಸಮನಾಗಿ ಕರಗಲಿಲ್ಲ, ಚಕ್ಕೆ ಚಕ್ಕೆಯಾಗಿ ಎದ್ದು ಮೂರನೇ ಎಲ್ಬೋದಲ್ಲಿ ಅಡ್ಡ ಕುಳಿತಿತು. ಹಳೇ ಥ್ರೆಡ್ಡುಗಳಲ್ಲಿ ಸುಣ್ಣವೇ ಸೀಲಾಗಿತ್ತು, ಅದು ಹೋದ ಮೇಲೆ ನಾಲ್ಕು ಕಡೆ ನೀರು ಜಿನುಗಿತು. ಎರಡು ದಿನ, ಎರಡು ಸಾವಿರ ರೂಪಾಯಿ ದಂಡ. ಇಪ್ಪತ್ತು ವರ್ಷ ದಾಟಿದ ಜಿಐಗೆ ಆಸಿಡ್ ಮುಟ್ಟಿಸಬೇಡಿ. ಹೊಸ ಪೈಪಿನ ತೆಳು ಪದರಕ್ಕೆ ಕೆಲಸ ಮಾಡುವ ಬೇರೊಂದು ಮಿಶ್ರಣ ನನ್ನ ಹತ್ತಿರ ಇದೆ. ಅದರ ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ.

ಕೊನೆಗೆ ಒಂದೂವರೆ ಇಂಚಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಲೈನು ಹೊಸದಾಗಿ ಎಳೆದೆ. ಡಕ್ಟಿನ ಒಳಗೇ ಒಯ್ದೆ. ಬಿಸಿಲು ಬಿದ್ದರೆ ಯುಪಿವಿಸಿ ಕೆಲವೇ ವರ್ಷಕ್ಕೆ ಪೆಡಸಾಗುತ್ತದೆ, ಟೆರೇಸಿನ ಮೇಲಿನ ಮೂರು ಮೀಟರಿಗೆ ಬಣ್ಣ ಬಳಿದೆ. ಒಂಬತ್ತು ಎಲ್ಬೋ ಇದ್ದದ್ದು ಐದಕ್ಕಿಳಿಯಿತು. ಪೈಪು, ಫಿಟ್ಟಿಂಗ್ ಸೇರಿ ಒಂಬತ್ತೂವರೆ ಸಾವಿರ, ಕೂಲಿ ನಾಲ್ಕೂವರೆ ಸಾವಿರ.

ಪಂಪು ಆರಿಸುವಾಗ ಡಬ್ಬದ ಮೇಲಿನ ಎಚ್‌ಪಿ ನೋಡಲಿಲ್ಲ, ಒಳಗಿನ ಹೆಡ್-ಡಿಸ್ಚಾರ್ಜ್ ಪಟ್ಟಿ, ಅಂದರೆ ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂಬ ಪಟ್ಟಿ ನೋಡಿದೆ. ನನಗೆ ಬೇಕಿದ್ದದ್ದು ಘರ್ಷಣೆಯೂ ಸೇರಿ 24 ಮೀಟರಿನಲ್ಲಿ ನಿಮಿಷಕ್ಕೆ 70 ಲೀಟರ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಗರಿಷ್ಠ ಹೆಡ್ಡಿನಲ್ಲಿ ಡಿಸ್ಚಾರ್ಜ್ ಸೊನ್ನೆ, ಗರಿಷ್ಠ ಡಿಸ್ಚಾರ್ಜಿನಲ್ಲಿ ಹೆಡ್ ನೆಲಮಟ್ಟ. ಎರಡನ್ನೂ ಸೇರಿಸಿ ಓದಿ ಮೋಸ ಹೋಗುವವರು ಬಹಳ. ಭಾರತೀಯ ಮಾನಕ ಐಎಸ್ 9079 ಗುರುತಿರುವ ಮಾನೋಬ್ಲಾಕ್ (ಮೋಟರ್, ಪಂಪು ಒಂದೇ ಮೈಯಾಗಿರುವುದು) ಆದರೆ ಪಟ್ಟಿಯ ಅಂಕಿ ನಂಬಬಹುದು. ಸೆಲ್ಫ್ ಪ್ರೈಮಿಂಗಿಗೆ ಐಎಸ್ 8472. ಎರಡೂ ಬೇರೆ ಜಾತಿ, ಅದು ಮರೆತದ್ದರಿಂದಲೇ 1.5 ಎಚ್‌ಪಿ ಎರಡು ಸಲ ಸುಟ್ಟದ್ದು. ಸೆಂಟ್ರಿಫ್ಯೂಗಲ್ಲಿನ ವಾಲ್ವು ಬಿಗಿದರೆ ಆಂಪ್ಸ್ ಇಳಿಯುತ್ತದೆ. ನಾವು ಸೆಲ್ಫ್ ಪ್ರೈಮಿಂಗ್ ಎನ್ನುವ ರೀಜನರೇಟಿವ್ ಪಂಪಿನಲ್ಲಿ ವಾಲ್ವು ಬಿಗಿದಷ್ಟೂ ಆಂಪ್ಸ್ ಏರುತ್ತದೆ. ಸುಣ್ಣ ಕಟ್ಟಿದ ಪೈಪು ಅರ್ಧ ಬಿಗಿದ ವಾಲ್ವೇ. ಬೇಸಿಗೆ ಸಂಜೆ ವೋಲ್ಟೇಜು 180ಕ್ಕೆ ಬಿದ್ದಾಗ ಅದೇ ಪಂಪು ಇನ್ನೂ ಹೆಚ್ಚು ಆಂಪ್ಸ್ ಎಳೆಯಿತು. ಕಾಯಿಲ್ ತಡೆಯಲಿಲ್ಲ.

1 ಎಚ್‌ಪಿ ಸೆಂಟ್ರಿಫ್ಯೂಗಲ್ ಸುಮಾರು ಒಂಬತ್ತು ಸಾವಿರಕ್ಕೆ ಬಂತು. ಕೂರಿಸಿದ ಮೊದಲ ವಾರ ನಾಲ್ಕು ಸಲ ಏರ್ ಹಿಡಿಯಿತು, ಅಂದರೆ ಒಳಗೆ ಗಾಳಿ ಸೇರಿ ನೀರು ಎಳೆಯಲಿಲ್ಲ. ಅಂಗಡಿಯವರು "ಹೇಳಿದ್ದೆನಲ್ಲ" ಎಂದರು. ತಪ್ಪು ಪಂಪಿನದಲ್ಲ, ಸಕ್ಷನ್ನಿನದು, ಅಂದರೆ ಸಂಪಿನಿಂದ ನೀರು ಎಳೆಯುವ ಪೈಪಿನದು. ಆ ಪೈಪಿನ ಕೆಳತುದಿಯಲ್ಲಿ ನೀರು ಇಳಿಯದಂತೆ ತಡೆಯುವ ಹಳೇ ಫುಟ್‌ವಾಲ್ವು ಸಂಪಿನ ತಳದಿಂದ ಅರ್ಧ ಅಡಿ ಮಾತ್ರ ಮೇಲಿತ್ತು. ತಳದ ಮರಳು ರಬ್ಬರಿನ ಕೆಳಗೆ ಸಿಕ್ಕಿ ರಾತ್ರಿಯೆಲ್ಲ ನೀರು ಇಳಿದುಹೋಗುತ್ತಿತ್ತು. ಹಿತ್ತಾಳೆಯ ಹೊಸ ಫುಟ್‌ವಾಲ್ವು ಹಾಕಿ ಒಂದೂಕಾಲು ಅಡಿ ಮೇಲೆತ್ತಿದೆ. ಆದರೂ ಒಂದು ಸಲ ಹಿಡಿಯಿತು. ಈಗ ಏರ್ ಎಳೆಯುತ್ತಿದ್ದದ್ದು ಸಕ್ಷನ್ ಪೈಪಿನ ಯೂನಿಯನ್ನು (ಬಿಚ್ಚಿ ಸೇರಿಸುವ ಜಾಯಿಂಟು). ಸಕ್ಷನ್ ಸೋರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಹಾಗಾಗಿ ಒದ್ದೆ ಹುಡುಕಿದರೆ ಸಿಗುವುದಿಲ್ಲ. ಪಂಪು ಓಡುವಾಗ ಒಂದೊಂದೇ ಜಾಯಿಂಟಿಗೆ ಗಟ್ಟಿ ಗ್ರೀಸ್ ಮೆತ್ತುತ್ತಾ ಬನ್ನಿ. ಯಾವ ಜಾಯಿಂಟಿಗೆ ಮೆತ್ತಿದಾಗ ಪಂಪಿನ ಒಳಗಿನ ಕಲ್ಲು ಉರುಳುವ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಸಕ್ಷನ್ ಪೈಪು ಪಂಪಿನ ಕಡೆಗೆ ಒಂದೇ ಸಮ ಏರುತ್ತಿರಬೇಕು, ನಡುವೆ ಗೂನು ಬಿದ್ದರೆ ಅಲ್ಲಿ ಗಾಳಿ ಕೂರುತ್ತದೆ. ಪಂಪಿನ ಬಾಯಿಗೇ ಎಲ್ಬೋ ಕೊಡಬೇಡಿ, ಮೊದಲು ಒಂದಡಿ ನೇರ ಪೈಪು ಇರಲಿ.

ಸಕ್ಷನ್ ಆಳದ ವಿಷಯ ಬೆಂಗಳೂರಿನವರು ಬೇರೆಯಾಗಿಯೇ ನೆನಪಿಡಬೇಕು. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮವಾದರೆ ಇಲ್ಲಿ ಸುಮಾರು 9.2. ಡಬ್ಬದಲ್ಲಿ ಬರೆದ ಸಕ್ಷನ್ನಿನಿಂದ ಒಂದು ಮೀಟರ್ ಕಳೆದೇ ನಾನು ಲೆಕ್ಕ ಹಾಕುವುದು.

ಪ್ರೈಮಿಂಗಿಗೆ, ಅಂದರೆ ಪಂಪಿಗೆ ನೀರು ತುಂಬಿಸುವುದಕ್ಕೆ, ಶಾಶ್ವತ ವ್ಯವಸ್ಥೆಯನ್ನೂ ಮಾಡಿದೆ. ಎನ್‌ಆರ್‌ವಿ ಮೇಲಿನ ಲೈನಿನಿಂದ ಅರ್ಧ ಇಂಚಿನ ಬೈಪಾಸ್ ತಂದು, ಬಾಲ್ ವಾಲ್ವು ಕೊಟ್ಟು, ಪಂಪಿನ ಪ್ರೈಮಿಂಗ್ ತೂತಿಗೆ ಸೇರಿಸಿದೆ. ಏರ್ ಹಿಡಿದರೆ ವಾಲ್ವು ತಿರುಗಿಸಿ, ಗಾಳಿ ಬಿಡುವ ತಿರುಪು ಸಡಿಲಿಸಿದರೆ ಲೈನಿನಲ್ಲಿ ನಿಂತ ನೀರೇ ಒಂದು ನಿಮಿಷದಲ್ಲಿ ತುಂಬಿಕೊಳ್ಳುತ್ತದೆ. ಬಕೆಟ್ಟು, ಆಲಿಕೆ ಬೇಡ. ವಾಲ್ವು ಮರೆಯದೆ ಮುಚ್ಚಬೇಕು.

ಓಡಿಸಿ ನೋಡಿದಾಗ ಗೇಜು 2.2. ನಿಮಿಷಕ್ಕೆ ಸುಮಾರು 75 ಲೀಟರ್. ಟಾಂಗ್ ಟೆಸ್ಟರಿನಲ್ಲಿ (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಮೊದಲ ದಿನ 5.9 ಆಂಪ್ಸ್ ಬಂತು, ಮೋಟರಿನ ಪ್ಲೇಟಿನಲ್ಲಿದ್ದದ್ದು 5.5. ಲೈನು ಸಲೀಸಾದದ್ದರಿಂದ ಪಂಪು ಅಳತೆಗಿಂತ ಹೆಚ್ಚು ನೀರು ಎತ್ತುತ್ತಿತ್ತು. ಡೆಲಿವರಿ ಗೇಟ್ ವಾಲ್ವನ್ನು ಒಂದೂವರೆ ಸುತ್ತು ಬಿಗಿದೆ, 5.2ಕ್ಕೆ ಬಂದು ನಿಂತಿತು, ನೀರು ಕಡಿಮೆಯಾದದ್ದು ಎರಡು ಮೂರು ಲೀಟರ್ ಮಾತ್ರ. ಹೆಚ್ಚು ಹೆಡ್ಡಿನ ಪಂಪನ್ನು ಕಡಿಮೆ ಎತ್ತರಕ್ಕೆ ಹಾಕಿ ಸುಡಿಸಿಕೊಂಡವರು ಈ ಒಂದು ಪರೀಕ್ಷೆ ಮಾಡಿದ್ದರೆ ಉಳಿಯುತ್ತಿತ್ತು.

ಕರೆಂಟಿನ ಲೆಕ್ಕ ಹೀಗಿದೆ. ಹಳೇ ಪಂಪು 2 ಕಿಲೋವ್ಯಾಟ್ ಎಳೆದು 4,000 ಲೀಟರಿಗೆ ಮೂರೂಮುಕ್ಕಾಲು ಯೂನಿಟ್ ತಿನ್ನುತ್ತಿತ್ತು. ಹೊಸದಕ್ಕೆ ಒಂದು ಯೂನಿಟ್ ಸಾಕು. ದಿನಕ್ಕೆ 6,000 ಲೀಟರ್ ಹಿಡಿದರೆ ತಿಂಗಳಿಗೆ 120 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಏಳು ರೂಪಾಯಿ ಲೆಕ್ಕದಲ್ಲಿ ಎಂಟುನೂರು ಚಿಲ್ಲರೆ. ಎಲ್ಲ ಸೇರಿ 25 ಸಾವಿರ ಖರ್ಚಾಗಿತ್ತು. ಕಾಯಿಲ್, ಸೀಲು ಸೇರಿಸದೆ ಎರಡೂವರೆ ವರ್ಷಕ್ಕೆ ವಾಪಸ್, ಸೇರಿಸಿದರೆ ಇನ್ನೂ ಬೇಗ.

ಒಣ ಓಟ ತಪ್ಪಿಸಲು ಸಂಪಿಗೆ ಸೆನ್ಸರ್ ಕಡ್ಡಿ ಹಾಕಿದ್ದೆ, ಮೂರೇ ತಿಂಗಳಲ್ಲಿ ಕಡ್ಡಿಗೆ ಸುಣ್ಣ ಮೆತ್ತಿ ನೀರಿದ್ದರೂ ಇಲ್ಲವೆಂದು ಪಂಪು ನಿಲ್ಲಿಸುತ್ತಿತ್ತು. ಬೋರ್ ನೀರಿಗೆ ಕಡ್ಡಿ ಬೇಡ, ಮ್ಯಾಗ್ನೆಟ್ ಫ್ಲೋಟ್ ಹಾಕಿ. ಪಂಪು ಗುಂಯ್ ಎಂದು ತಿರುಗದಿದ್ದರೆ ತಕ್ಷಣ ಸ್ವಿಚ್ಚು ಆರಿಸಿ ಫ್ಯಾನಿನ ಕಡೆಯ ಶಾಫ್ಟನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ನೋಡಿ. ತಿರುಗಿದರೆ ಕೆಪಾಸಿಟರ್ ಅಳೆಯಿರಿ, 25 ಮೈಕ್ರೋಫ್ಯಾರಡ್ ಇರಬೇಕಾದದ್ದು 16 ತೋರಿಸಿದರೆ ಬದಲಿಸಿ. ನೂರೈವತ್ತು ರೂಪಾಯಿಯ ಕೆಲಸಕ್ಕೆ ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ.

ನಡುವೆ ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಮೇಲೂ ಒಂದು ಪ್ರಯೋಗ ಮಾಡಿದೆ. ಗುಜರಿಗೆ ಹೋಗಬೇಕಿದ್ದ 130 ಮಿಲಿಮೀಟರಿನ ಇಂಪೆಲ್ಲರನ್ನು ಲೇತಿನಲ್ಲಿ 122ಕ್ಕೆ ಇಳಿಸಿದೆ. ಹೆಡ್ ವ್ಯಾಸದ ವರ್ಗಕ್ಕೆ, ಶಕ್ತಿ ಘನಕ್ಕೆ ಇಳಿಯುತ್ತದೆ ಎಂಬ ಲೆಕ್ಕದಂತೆ ಹೆಡ್ ನೂರಕ್ಕೆ ಹನ್ನೆರಡು ಭಾಗ, ಆಂಪ್ಸ್ ಅದಕ್ಕಿಂತ ಹೆಚ್ಚು ಇಳಿಯಬೇಕು. ಹತ್ತಿರ ಹತ್ತಿರ ಹಾಗೇ ಬಂತು. ವಾಲ್ವು ಬಿಗಿದು ಶಕ್ತಿ ಹಾಳುಮಾಡುವುದಕ್ಕಿಂತ ಇದು ಮೇಲು. ಅಲುಗದಂತೆ ಹಿಡಿಯಲು ನಾನು ಮಾಡಿಕೊಂಡ ಮ್ಯಾಂಡ್ರೆಲ್ ಮಾತ್ರ ತೋರಿಸುವುದಿಲ್ಲ.

ಅದೇ ಮಾಲೀಕರ ನೀರಿನ ಟ್ಯಾಂಕರ್ ಗಾಡಿಯ ಎಂಜಿನ್ ಬಿಸಿಯಾಗುತ್ತಿತ್ತು. ಗ್ಯಾರೇಜೊಂದರಲ್ಲಿ ವಾಟರ್ ಪಂಪು ಎರಡು ಸಲ ಬದಲಿಸಿದ್ದರು, ಒಂದಕ್ಕೆ ಕೂಲಿ ಸೇರಿ ನಾಲ್ಕು ಸಾವಿರ. ಇಲ್ಲಿಯೂ ಪಂಪಿನ ಸುತ್ತಲಿನದ್ದನ್ನೇ ಮೊದಲು ನೋಡಿದೆ. ಪಂಪಿನ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿ ಕಲೆ ಕಟ್ಟಿದ್ದರೆ ಸೀಲು ಹೋಗಿದೆ, ಆ ತೂತನ್ನು ಎಂಸೀಲ್ ಹಾಕಿ ಮುಚ್ಚಿದರೆ ನೀರು ಬೇರಿಂಗಿಗೆ ಇಳಿಯುತ್ತದೆ. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು. ಎರಡೂ ಸರಿಯಿದ್ದವು. ಬೆಲ್ಟು ಮಾತ್ರ ಗಾಜಿನಂತೆ ಹೊಳೆಯುತ್ತಿತ್ತು, ಹೆಬ್ಬೆರಳಲ್ಲಿ ಒತ್ತಿದರೆ ಒಂದು ಇಂಚಿನ ಮೇಲೆ ಬಗ್ಗುತ್ತಿತ್ತು, ಅರ್ಧ ಇಂಚು ಮೀರಬಾರದು. ರೇಡಿಯೇಟರ್ ಕ್ಯಾಪಿನ ರಬ್ಬರು ಸೀಳಿತ್ತು. ಕ್ಯಾಪು ಒತ್ತಡ ಹಿಡಿಯದಿದ್ದರೆ ಬೆಂಗಳೂರಿನ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಗಾಳಿಯೊತ್ತಡಕ್ಕಿಂತ 0.9 ಬಾರ್ ಹೆಚ್ಚು ಹಿಡಿದರೆ 115 ದಾಟಿದ ಮೇಲೆಯೇ ಕುದಿ. ಥರ್ಮೋಸ್ಟಾಟನ್ನು ಯಾರೋ ಕಿತ್ತೆಸೆದಿದ್ದರು, ಹೊಸದು ಹಾಕಿದೆ. ಬೆಲ್ಟು, ಕ್ಯಾಪು, ಥರ್ಮೋಸ್ಟಾಟ್, ಕೂಲೆಂಟ್ ಎಲ್ಲ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಿತು.

ಡ್ರೈವರಿಗೆ ಒಂದನ್ನೇ ಒತ್ತಿ ಹೇಳಿದ್ದೇನೆ: ಟ್ಯಾಂಕರಿನ ಬೋರ್ ನೀರನ್ನು ರೇಡಿಯೇಟರಿಗೆ ಹಾಕಬಾರದು. ಕಟ್ಟಡದ ಪೈಪಿನಲ್ಲಿ ಇಪ್ಪತ್ತು ವರ್ಷಕ್ಕೆ ಕಟ್ಟಿದ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಎರಡೇ ಬೇಸಿಗೆಗೆ ಕಟ್ಟುತ್ತದೆ. ಸೀಟಿನ ಹಿಂದೆ ಈಗ ಐದು ಲೀಟರಿನ ಕೂಲೆಂಟ್ ಕ್ಯಾನು ಇಟ್ಟುಕೊಂಡೇ ಓಡಿಸುತ್ತಿದ್ದಾರೆ.